ಕಾರಿಗೆ ಫೋನ್ ಕನೆಕ್ಟ್ ಮಾಡುವಾಗ ಕೇಳುವ ಆ ಒಂದು ಪ್ರಶ್ನೆ

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ನಾನೊಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ಸ್ಟ್ರಿಂಗರ್ ಸಂಪಾದನೆಗೆ ಕಾರು ಜಾಸ್ತಿಯೇ. ಆದರೆ ಅಜೆಕಾರಿನಲ್ಲಿ ಮನೆ ಇಟ್ಟುಕೊಂಡು ಇವತ್ತು ಕಾರ್ಕಳ, ನಾಳೆ ಹೆಬ್ರಿ, ನಾಡಿದ್ದು ಮಣಿಪಾಲದ ಡಿಸಿ ಆಫೀಸು ಎಂದು ಬೈಕಿನಲ್ಲಿ ಸುತ್ತುವವನಿಗೆ ನಮ್ಮ ಕಡೆಯ ಮಳೆ ಏನು ಮಾಡುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಮೆರಾ ಎರಡು ಸಲ ನೀರು ಕುಡಿದ ಮೇಲೆ ಸೊಸೈಟಿಯಲ್ಲಿ ಸಾಲ ಮಾಡಿದೆ.

ವ್ಯವಹಾರ ಸುಲಭದಲ್ಲಿ ಮುಗಿಯಿತು. ಆರ್‌ಸಿ ನೋಡಿದೆವು, ಇನ್ಶೂರೆನ್ಸ್ ನೋಡಿದೆವು, ಹೊಗೆ ಸರ್ಟಿಫಿಕೇಟ್ ನೋಡಿದೆವು. ಹೆಸರು ಬದಲಾಯಿಸುವ ಫಾರ್ಮ್ 29, ಫಾರ್ಮ್ 30ಕ್ಕೆ ಸಹಿ ಬಿತ್ತು. ಗ್ಯಾರೇಜಿನ ಅಣ್ಣ ಬಾನೆಟ್ ಎತ್ತಿ ಎಂಜಿನ್ ಶಬ್ದ ಕೇಳಿ "ಅಡ್ಡಿಲ್ಲ, ತೆಕ್ಕೊಳ್ಳಿ" ಎಂದರು. ಕಾರು ಮನೆಗೆ ತಂದ ರಾತ್ರಿ ಪದ್ಯ ಹಾಕುವ ಎಂದು ಸ್ಕ್ರೀನ್ ಮುಟ್ಟಿದೆ. ಹಿಂದಿನ ಮಾಲಕರ ಫೋನ್‌ಬುಕ್ ಅಲ್ಲಿ ಹಾಗೆಯೇ ಕೂತಿತ್ತು.

ಅಮ್ಮ. ಅಮ್ಮ ಹೊಸತು. ಗ್ಯಾಸ್. ಲೈನ್‌ಮ್ಯಾನ್. ಅಡಿಕೆ ಕೊಯ್ಯುವವರು. ಒಬ್ಬ ವಕೀಲರ ಹೆಸರು, ಅದರ ಮುಂದೆ "ಡೈವೋರ್ಸ್". ಒಬ್ಬ ಡಾಕ್ಟರ ಹೆಸರು, ಅದರ ಮುಂದೆ ಒಂದು ಕಾಯಿಲೆಯ ಹೆಸರು. ಮೂರು ನಂಬರುಗಳಿಗೆ ಒಂದೇ ಹೆಸರು: "ಎತ್ತಬೇಡ". ಕೆಳಗೆ ಅವರು ಕೊನೆಯ ದಿನಗಳಲ್ಲಿ ಯಾರಿಗೆ, ಎಷ್ಟು ಹೊತ್ತಿಗೆ ಕರೆ ಮಾಡಿದ್ದರು ಎಂಬ ಪಟ್ಟಿ.

ಹತ್ತು ನಿಮಿಷ ನೋಡಿದೆ. ನೋಡಬಾರದಿತ್ತು. ಪತ್ರಕರ್ತನ ಚಾಳಿ ಎಂದು ಹೇಳಿ ತಪ್ಪಿಸಿಕೊಳ್ಳಬಹುದು, ಆದರೆ ನೀವಾಗಿದ್ದರೂ ನೋಡುತ್ತಿದ್ದಿರಿ. ಮತ್ತೆ ಎಲ್ಲವನ್ನೂ ಡಿಲೀಟ್ ಮಾಡಿ ಮರುದಿನ ಅವರಿಗೆ ಫೋನ್ ಮಾಡಿ ಹೇಳಿದೆ. "ಹೌದಾ ಮಾರಾಯ್ರೆ? ನನ್ನ ನಂಬರ್ ಎಲ್ಲ ಅದರಲ್ಲಿ ಉಂಟಾ? ನಾನು ಪದ್ಯ ಕೇಳ್ಲಿಕ್ಕೆ ಮಾತ್ರ ಕನೆಕ್ಟ್ ಮಾಡಿದ್ದು" ಎಂದರು. ಅವರ ದನಿ ಸಣ್ಣದಾಗಿತ್ತು. ನಾನು ಏನೇನು ನೋಡಿದ್ದೇನೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಷ್ಟು ನೋಡಿದವನಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಡಿಲೀಟ್ ಮಾಡಿದ ಅದೇ ರಾತ್ರಿ ನನ್ನ ಫೋನನ್ನು ಕನೆಕ್ಟ್ ಮಾಡಿದೆ. ಫೋನ್ ಒಂದು ಪ್ರಶ್ನೆ ಕೇಳಿತು. ಓದದೆ ಸರಿ ಎಂದು ಒತ್ತಿದೆ.

ಎರಡು ತಿಂಗಳು ಕಳೆದಿರಬೇಕು. ಒಂದು ಸಂಜೆ ಕಾರ್ಕಳದಿಂದ ಮನೆಗೆ ಬರುತ್ತಿದ್ದೆ. ದಾರಿಯಲ್ಲಿ ಪರಿಚಯದವರೊಬ್ಬರು ಬಸ್ಸಿಗೆ ಕಾಯುತ್ತಿದ್ದರು, ನಿಲ್ಲಿಸಿ ಹತ್ತಿಸಿಕೊಂಡೆ. ಖಾಲಿ ಕಾರಿನಲ್ಲಿ ಊರಿನವರನ್ನು ದಾಟಿಕೊಂಡು ಬರುವ ಕ್ರಮ ನಮ್ಮಲ್ಲಿಲ್ಲ. ಆ ದಿನಗಳಲ್ಲಿ ನಾನು ಒಂದು ಕಲ್ಲುಕೋರೆಯ ವಿಷಯ ಒಟ್ಟು ಮಾಡುತ್ತಿದ್ದೆ. ಯಾವ ಊರಿನದ್ದು ಎಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಕೆಲಸಕ್ಕಿದ್ದ ಒಬ್ಬರು ನನಗೆ ಮಾಹಿತಿ ಕೊಡುತ್ತಿದ್ದರು. ಅವರ ನಂಬರನ್ನು "ಕೋರೆ ಅಣ್ಣ" ಎಂದು ಸೇವ್ ಮಾಡಿದ್ದೆ. ಹೆಸರು ಬರೆಯದೆ ಇದ್ದದ್ದೇ ದೊಡ್ಡ ಜಾಗ್ರತೆ ಎಂದು ನನ್ನ ಲೆಕ್ಕ.

ಫೋನ್ ಬಂತು. ಡ್ಯಾಶ್‌ಬೋರ್ಡಿನ ಸ್ಕ್ರೀನ್ ತುಂಬ ದೊಡ್ಡ ಅಕ್ಷರದಲ್ಲಿ "ಕೋರೆ ಅಣ್ಣ". ಪಕ್ಕದವರು ಓದಿದರು. ನಾನು ಗಡಿಬಿಡಿಯಲ್ಲಿ ಸ್ಟೀರಿಂಗಿನ ಮೇಲಿದ್ದ ಕಟ್ ಮಾಡುವ ಬಟನ್ ಒತ್ತಲು ಹೋಗಿ ಎತ್ತುವ ಬಟನ್ ಒತ್ತಿದೆ. ಎರಡೂ ಒಂದರ ಪಕ್ಕ ಒಂದು ಇವೆ. ನಾಲ್ಕೂ ಸ್ಪೀಕರಿನಲ್ಲಿ ಅವರ ದನಿ ಬಂತು: "ಇವತ್ತು ರಾತ್ರಿಯೇ ಲೋಡ್ ಹೋಗ್ತದಂತೆ. ನಾಳೆ ಬಂದ್ರೆ ನಿಮಗೆ ಎಂತ ಸಿಗುದಿಲ್ಲ." ಆಮೇಲೆ ಮಾಡ್ತೇನೆ ಎಂದು ಇಟ್ಟೆ. ಒಟ್ಟು ಏಳೆಂಟು ಸೆಕೆಂಡ್.

ಪಕ್ಕದವರು ಒಂದು ಮಾತೂ ಕೇಳಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಫೋನ್ ಬಂದರೆ "ಯಾರು, ಎಂತ ಅಂತೆ" ಎಂದು ಕೇಳುವುದು ನಮ್ಮೂರಿನ ಮರ್ಯಾದೆ. ಕೇಳದೆ ಇದ್ದರೆ ಎಲ್ಲ ಗೊತ್ತಾಗಿದೆ ಎಂದು ಅರ್ಥ. ಅವರ ಭಾವನ ಲಾರಿ ಅದೇ ಕೋರೆಗೆ ಓಡುತ್ತಿತ್ತು ಎಂದು ನನಗೆ ಗೊತ್ತಾದದ್ದು ಆಮೇಲೆ.

ಹದಿನೈದು ದಿನದೊಳಗೆ ಕೋರೆ ಅಣ್ಣನ ಕೆಲಸ ಹೋಯಿತು. "ನಾಳೆಯಿಂದ ಬರುದು ಬೇಡ" ಎಂದರಂತೆ. ಕಾರಣ ಹೇಳಲಿಲ್ಲ. ನನ್ನ ಕಾರಿನ ಆ ಏಳೆಂಟು ಸೆಕೆಂಡಿನಿಂದಲೇ ಹೋಯಿತು ಎಂದು ಪ್ರಮಾಣ ಮಾಡಿ ಹೇಳಲಾರೆ. ಅದರಿಂದ ಅಲ್ಲ ಎಂದು ಹೇಳುವ ಧೈರ್ಯವೂ ನನಗಿಲ್ಲ. ಅವರ ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ಅವರೀಗ ಈ ಜಿಲ್ಲೆಯಲ್ಲಿಲ್ಲ, ಬೇರೆ ಕಡೆ ಕೆಲಸಕ್ಕೆ ಸೇರಿದ್ದಾರೆ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ, ಗುರುತು ಸಿಗುವ ಒಂದೆರಡು ವಿವರ ಬದಲಾಯಿಸಿದ್ದೇನೆ.

ತಪ್ಪು ನನ್ನದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಇದೇ ತಪ್ಪನ್ನು ನಮ್ಮ ಊರಿನಲ್ಲಿ ಕಾರು ಇರುವ ಪ್ರತಿ ಮನೆಯೂ ಮಾಡುತ್ತಿದೆ. ಅದಕ್ಕಾಗಿ ಈ ಬರಹ.

ಮೊದಲು, ಕನೆಕ್ಟ್ ಮಾಡಿದಾಗ ಒಳಗೆ ಏನು ನಡೆಯುತ್ತದೆ ಎಂದು ನೋಡುವ. ನಾನು ಬಹಳ ಕಾಲ ಬ್ಲೂಟೂತ್ ಎಂದರೆ ಒಂದೇ ಪೈಪು, ಒಂದೇ ನಳ್ಳಿ, ತೆಗೆದರೆ ಎಲ್ಲ ಬರುತ್ತದೆ, ಮುಚ್ಚಿದರೆ ಎಲ್ಲ ನಿಲ್ಲುತ್ತದೆ ಎಂದು ತಿಳಿದಿದ್ದೆ. ಹಾಗಲ್ಲ. ಫೋನಿಗೂ ಕಾರಿಗೂ ನಡುವೆ ಬೇರೆ ಬೇರೆ ನಾಲ್ಕೈದು ಸಂಪರ್ಕಗಳಿವೆ. ಕರೆಯ ಮಾತಿಗೆ ಒಂದು, ಪದ್ಯಕ್ಕೆ ಒಂದು, ಫೋನ್‌ಬುಕ್ ಮತ್ತು ಕರೆಗಳ ಪಟ್ಟಿಗೆ ಒಂದು, ಮೆಸೇಜಿಗೆ ಇನ್ನೊಂದು. ಪದ್ಯ ಕೇಳಲು ಫೋನ್‌ಬುಕ್ ಕೊಡಬೇಕಾಗಿಲ್ಲ. ಕರೆ ಮಾತಾಡಲೂ ಕೊಡಬೇಕಾಗಿಲ್ಲ. ಕೊಡದಿದ್ದರೆ ಕರೆ ಬಂದಾಗ ಸ್ಕ್ರೀನಿನಲ್ಲಿ ಸಾಮಾನ್ಯವಾಗಿ ಹೆಸರಿನ ಬದಲು ನಂಬರು ಬರುತ್ತದೆ, ಅಷ್ಟೆ. ನಾವು ಮಾಡುವುದು ಹೇಗೆಂದರೆ, ನೆಂಟರಿಗೆ ಚಾವಡಿಯಲ್ಲಿ ಕುರ್ಚಿ ಕೊಡುವಾಗ ಜೊತೆಗೆ ಕಪಾಟಿನ ಬೀಗದ ಕೈಯನ್ನೂ ಕೊಟ್ಟ ಹಾಗೆ.

ಫೋನ್ ಇದನ್ನು ಕೇಳದೆ ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಮೊದಲ ಸಲ ಜೋಡಿಸುವಾಗ ಆಂಡ್ರಾಯ್ಡ್ ಫೋನಿನಲ್ಲಿ ಒಂದು ಸಣ್ಣ ಚೌಕ ಬರುತ್ತದೆ: ನಿಮ್ಮ ಸಂಪರ್ಕಗಳು ಮತ್ತು ಕರೆಯ ಇತಿಹಾಸಕ್ಕೆ ಅನುಮತಿ ಕೊಡುತ್ತೀರಾ? ಐಫೋನಿನಲ್ಲೂ ಇಂಥದ್ದೇ ಪ್ರಶ್ನೆ ಬರುತ್ತದೆ. ನಾವು ಅದನ್ನು ಓದುವುದಿಲ್ಲ. ಹೊಸ ಕಾರು ತೆಗೆದುಕೊಂಡವರಂತೂ ಆ ಪ್ರಶ್ನೆಯನ್ನು ನೋಡುವುದೇ ಇಲ್ಲ. ಶೋರೂಮಿನಲ್ಲಿ ಪೂಜೆ ಆಗಿ, ಲಿಂಬೆಹುಳಿಯ ಮೇಲೆ ಚಕ್ರ ಹತ್ತಿ, ಕೀ ಹಿಡಿದು ಫೋಟೋ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿ ಅಲ್ಲಿಯ ಹುಡುಗ "ಫೋನ್ ಕೊಡಿ ಸರ್, ನಾನೇ ಕನೆಕ್ಟ್ ಮಾಡಿ ಕೊಡ್ತೇನೆ" ಎನ್ನುತ್ತಾನೆ. ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾನೆ. ಬಂದ ಎಲ್ಲ ಪ್ರಶ್ನೆಗೂ ಹೌದು ಒತ್ತಿ ಕೊಡುತ್ತಾನೆ. ನಮ್ಮ ಫೋನಿನಲ್ಲಿರುವ ಎಂಟುನೂರು ಮಂದಿಯ ಹೆಸರು, ನಂಬರು ಕಾರಿನೊಳಗೆ ಹೋಗಿ ಆಗಿರುತ್ತದೆ.

ಕೆಲವರು "ನಾನು ಡಾಟಾ ಆಫ್ ಮಾಡಿಯೇ ಇಟ್ಟಿದ್ದೇನೆ, ಎಂತ ಆಗುದಿಲ್ಲ" ಎನ್ನುತ್ತಾರೆ. ಬ್ಲೂಟೂತಿಗೆ ಇಂಟರ್ನೆಟ್ ಬೇಡ, ಟವರೂ ಬೇಡ. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ ಸಿಗ್ನಲ್ ಕಡ್ಡಿ ಒಂದೊಂದೇ ಮಾಯ ಆಗುತ್ತದಲ್ಲ, ಅಲ್ಲಿ ನಿಲ್ಲಿಸಿ ಕನೆಕ್ಟ್ ಮಾಡಿದರೂ ಫೋನ್‌ಬುಕ್ ಆ ಕಡೆ ದಾಟುತ್ತದೆ. ಎರಿಕ್ಸನ್ ಕಂಪನಿಯವರು 1994ರಲ್ಲಿ ಈ ಕೆಲಸ ಶುರು ಮಾಡಿದ್ದೇ ವಯರಿನ ಕಾಟ ತಪ್ಪಿಸಲಿಕ್ಕೆ. ಹೆಸರು ಇಟ್ಟದ್ದು ಒಬ್ಬ ಹಳೆಯ ಡೆನ್ಮಾರ್ಕಿನ ರಾಜನದ್ದು, ನೀಲಿ ಹಲ್ಲಿನ ಹೆರಾಲ್ಡ್. ಒಡೆದು ಹೋಗಿದ್ದ ಪಂಗಡಗಳನ್ನು ಒಟ್ಟು ಮಾಡಿದ ರಾಜನಂತೆ, ಹಾಗೆಯೇ ಬೇರೆ ಬೇರೆ ಯಂತ್ರಗಳನ್ನು ಒಟ್ಟು ಮಾಡುವ ವಿದ್ಯೆಗೆ ಅವನ ಹೆಸರು. ಒಟ್ಟು ಮಾಡುವುದು ಸರಿ. ಬೇರೆ ಮಾಡುವುದನ್ನು ನಮಗೆ ಯಾರೂ ಕಲಿಸಲಿಲ್ಲ.

ಈಗಿನ ಕಾರುಗಳಲ್ಲಿ ಬರುವ ಆಂಡ್ರಾಯ್ಡ್ ಆಟೊ, ಆ್ಯಪಲ್ ಕಾರ್‌ಪ್ಲೇ ಸ್ವಲ್ಪ ಬೇರೆ. ಕಾರ್‌ಪ್ಲೇ 2014ರಲ್ಲಿ ಬಂತು, ಆಂಡ್ರಾಯ್ಡ್ ಆಟೊ 2015ರಲ್ಲಿ. ಇದರಲ್ಲಿ ಕಾರಿನ ಸ್ಕ್ರೀನು ಒಂದು ಕನ್ನಡಿಯ ಹಾಗೆ: ಕಾಣುವುದೆಲ್ಲ ಫೋನಿನಲ್ಲಿಯೇ ಇರುತ್ತದೆ, ಫೋನ್ ತೆಗೆದುಕೊಂಡು ಹೋದರೆ ಸ್ಕ್ರೀನು ಖಾಲಿ. ಮೊದಲು ಯುಎಸ್‌ಬಿ ವಯರು ಬೇಕಿತ್ತು, ಈಗ ವೈರ್‌ಲೆಸ್ ಆಗಿದೆ. ಈ ಮಟ್ಟಿಗೆ ಇದು ಹಳೆಯದಕ್ಕಿಂತ ಒಳ್ಳೆಯದು. ಆದರೆ ಇದನ್ನು ಜೋಡಿಸುವಾಗ ಬ್ಲೂಟೂತೂ ಒಟ್ಟಿಗೇ ಜೋಡಣೆ ಆಗುತ್ತದೆ, ಆ ಹಳೆಯ ಪ್ರಶ್ನೆ ಅಲ್ಲಿಯೂ ಬರುತ್ತದೆ, ಅಲ್ಲಿಯೂ ನಾವು ಸರಿ ಒತ್ತುತ್ತೇವೆ.

ನನಗೆ ಹೆಚ್ಚು ಹೆದರಿಕೆ ಇರುವುದು ಕಂಪನಿ ಸೆಟ್ಟಿನ ಬಗ್ಗೆ ಅಲ್ಲ, ಹಳೆ ಕಾರಿಗೆ ಹೊರಗಿನ ಅಂಗಡಿಯಲ್ಲಿ ಹಾಕಿಸುವ "ಆಂಡ್ರಾಯ್ಡ್ ಸೆಟ್" ಬಗ್ಗೆ. ದೊಡ್ಡ ಸ್ಕ್ರೀನು, ಯೂಟ್ಯೂಬ್ ಬರುತ್ತದೆ, ರಿವರ್ಸ್ ಕ್ಯಾಮೆರಾ ಬರುತ್ತದೆ, ರೇಟೂ ಕಮ್ಮಿ. ಅದು ಡ್ಯಾಶ್‌ಬೋರ್ಡಿನಲ್ಲಿ ಕೂತ ಒಂದು ಟ್ಯಾಬ್ಲೆಟ್. ಆ್ಯಪ್ ಇಳಿಸಬೇಕಾದರೆ ಅದು ಗೂಗಲ್ ಲಾಗಿನ್ ಕೇಳುತ್ತದೆ. ನಾವು ನಮ್ಮದೇ ಜಿಮೇಲ್, ನಮ್ಮದೇ ಪಾಸ್‌ವರ್ಡ್ ಹಾಕುತ್ತೇವೆ. ಫೋನಿಗೆ ಲಾಕ್ ಇದೆ, ಬೆರಳು ಇಡಬೇಕು. ಕಾರಿನ ಆ ಸೆಟ್ಟಿಗೆ ಯಾವ ಲಾಕೂ ಹಾಕಿರುವುದಿಲ್ಲ. ಸರ್ವಿಸಿಗೆ ಬಿಟ್ಟ ದಿನ, ಅಳಿಯ ಮದುವೆಗೆ ಕೊಂಡುಹೋದ ದಿನ, ಕೊನೆಗೆ ಮಾರಿದ ದಿನ, ನಮ್ಮ ಮೇಲು, ಫೋಟೋ, ಫೋನ್‌ಬುಕ್ ಎಲ್ಲದಕ್ಕೂ ಬಾಗಿಲು ತೆರೆದೇ ಇರುತ್ತದೆ. ಕಾರು ಮಾರಿ ವರ್ಷ ಆದವರೂ ಇದನ್ನು ಈಗ ಸರಿ ಮಾಡಬಹುದು. ಫೋನಿನಲ್ಲಿ ಗೂಗಲ್ ಅಕೌಂಟ್ ತೆರೆದು, ಸೆಕ್ಯುರಿಟಿಯಲ್ಲಿ "ನಿಮ್ಮ ಸಾಧನಗಳು" ಎಂದು ಇರುವಲ್ಲಿ ನೋಡಿ. ಎಲ್ಲೆಲ್ಲಿ ಲಾಗಿನ್ ಇದೆ ಎಂದು ತೋರಿಸುತ್ತದೆ. ಗೊತ್ತಿಲ್ಲದ್ದು ಕಂಡರೆ ಅಲ್ಲಿಂದಲೇ ಸೈನ್ ಔಟ್ ಒತ್ತಿ.

ನನ್ನ ಕೋರೆಯ ಕಥೆ ಪತ್ರಕರ್ತರದ್ದು, ನಮಗೆ ಅಂಥ ಗುಟ್ಟು ಎಲ್ಲಿಂದ ಎಂದು ನಿಮಗೆ ಅನಿಸಬಹುದು. ಟೂರಿಸ್ಟ್ ಕಾರು ಓಡಿಸುವ ನಮ್ಮ ಪರಿಚಯದ ಅಣ್ಣನೊಬ್ಬರಿದ್ದಾರೆ. ನನ್ನ ಕಥೆ ಕೇಳಿ ಅವರು ನಕ್ಕರು. "ನೀವು ಪೇಪರಿನವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತುಂಟು" ಎಂದರು. ಬಾಡಿಗೆಗೆ ಹತ್ತಿದವರು ಪದ್ಯ ಹಾಕಲಿಕ್ಕೆಂದು ತಮ್ಮ ಫೋನ್ ಕನೆಕ್ಟ್ ಮಾಡುತ್ತಾರೆ. ಪದ್ಯ ಮುಗಿದದ್ದು ಅವರಿಗೆ ಗೊತ್ತಾಗುತ್ತದೆ, ಕನೆಕ್ಷನ್ ಮುಗಿಯಲಿಲ್ಲ ಎಂಬುದು ಗೊತ್ತಾಗುವುದಿಲ್ಲ.

ಒಮ್ಮೆ ಒಂದು ಮನೆಯವರನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಿದ್ದರಂತೆ. ಅತ್ತೆ, ಮಾವ, ಮಗ, ಸೊಸೆ. ಪದ್ಯ ಸೊಸೆಯ ಫೋನಿನಿಂದ. ಮಧ್ಯದಲ್ಲಿ ಕರೆ ಬಂತು, ಆಕೆ ಫೋನಿನಲ್ಲೇ ಎತ್ತಿ ಕಿವಿಗೆ ಇಟ್ಟುಕೊಂಡರು. ಮಾತು ಬಂದದ್ದು ಕಾರಿನ ಸ್ಪೀಕರಿನಲ್ಲಿ. ಲ್ಯಾಬಿನಿಂದ ಒಬ್ಬ ಹುಡುಗಿ, ಗಂಡನ ಹೆಸರು ಹೇಳಿ, ಅವರ ಟೆಸ್ಟಿನ ರಿಪೋರ್ಟ್ ಬಂದಿದೆ, ಡಾಕ್ಟರು ಇಬ್ಬರನ್ನೂ ಬರಲು ಹೇಳಿದ್ದಾರೆ ಎಂದಳು. ಯಾವ ಟೆಸ್ಟ್ ಎಂದೂ ಹೇಳಿದಳು. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಾಗಿರಲಿಲ್ಲ, ಅಲ್ಲಿಯವರೆಗೆ ಆ ಮನೆಯಲ್ಲಿ ಎಲ್ಲ ಮಾತೂ ಸೊಸೆಯ ಮೇಲೆ ಇತ್ತು. "ನಾನು ವಾಲ್ಯೂಮ್ ಕಮ್ಮಿ ಮಾಡಿದೆ. ಅಷ್ಟರಲ್ಲಿ ಅವಳು ಹೇಳಿ ಆಗಿತ್ತು. ಮತ್ತೆ ದೇವಸ್ಥಾನದವರೆಗೆ ಒಬ್ಬರೂ ಮಾತಾಡ್ಲಿಲ್ಲ ಮಾರಾಯ್ರೆ. ಆ ಹುಡುಗನ ಮುಖ ಕನ್ನಡಿಯಲ್ಲಿ ಕಾಣ್ತಾ ಇತ್ತು ನನಗೆ."

ಆ ಅಣ್ಣ ಈಗ ಯಾರು ಬಂದು ಪದ್ಯ ಹಾಕ್ಲಾ ಎಂದರೂ "ನನ್ನ ಫೋನಲ್ಲಿ ಹಾಕುವ, ಯಾವುದು ಬೇಕು ಹೇಳಿ" ಎನ್ನುತ್ತಾರೆ. ಅವರಿಗೆ ಈ ಬುದ್ಧಿಯನ್ನು ಯಾವ ಕಂಪನಿಯವರೂ ಹೇಳಿಕೊಟ್ಟದ್ದಲ್ಲ.

ಈಚೆಗೆ ಹೊಸ ಹೊಸ ಸೌಲಭ್ಯಗಳು ಬರುತ್ತಿವೆ. ಬಂದ ಮೆಸೇಜನ್ನು ಕಾರು ಗಟ್ಟಿಯಾಗಿ ಓದಿ ಹೇಳುತ್ತದೆ. ಉದ್ದದ ಮೆಸೇಜುಗಳನ್ನೂ ಗುಂಪಿನ ಮಾತುಕತೆಯನ್ನೂ ಎಐ ಮೂಲಕ ಚುಟುಕು ಮಾಡಿ ಹೇಳುವ ಸೌಲಭ್ಯವನ್ನು ಆಂಡ್ರಾಯ್ಡ್ ಆಟೊಗೆ ತರುವುದಾಗಿ ಗೂಗಲ್ 2024ರ ಜನವರಿಯಲ್ಲಿ ಹೇಳಿತು. ಫೋನನ್ನೇ ಕಾರಿನ ಕೀ ಮಾಡುವ ಆ್ಯಪಲ್‌ನ ಸೌಲಭ್ಯ 2020ರಲ್ಲಿ ಐಫೋನು ಮತ್ತು ಬಿಎಂಡಬ್ಲ್ಯು ಕಾರಿನಿಂದ ಶುರುವಾಯಿತು. ಅಂಥ ಕಾರು ಅಜೆಕಾರು ಪೇಟೆಗೆ ಬರುವುದು ಮುಂಬೈಯವರು ನೇಮ, ಕೋಲಕ್ಕೆ ಊರಿಗೆ ಬಂದಾಗ ಮಾತ್ರ ಎಂದು ನಗಬಹುದು. ಟಚ್‌ಸ್ಕ್ರೀನ್ ಬಂದಾಗಲೂ ಹಾಗೆಯೇ ನಕ್ಕಿದ್ದೆವು. ಒಂದೊಂದು ಸೌಲಭ್ಯ ಬರುವಾಗಲೂ ಫೋನಿನೊಳಗಿನ ಇನ್ನೊಂದು ಕೋಣೆ ಕಾರಿಗೆ ತೆರೆದುಕೊಳ್ಳುತ್ತದೆ. ಗದ್ದಲದಲ್ಲಿ ನಾವು ಸೌಲಭ್ಯವನ್ನು ಮಾತ್ರ ನೋಡುತ್ತೇವೆ.

ಕೈ ಬಿಟ್ಟು ಮಾತಾಡುವುದರಿಂದ ಅಪಘಾತ ಕಮ್ಮಿ ಆಗುತ್ತದಲ್ಲ ಎಂದು ಒಬ್ಬರು ಕೇಳಿದರು. ಬೈಕಿನಲ್ಲಿ ಹೆಲ್ಮೆಟಿನೊಳಗೆ ಫೋನ್ ತುರುಕಿಕೊಂಡು ಡೆಸ್ಕಿನವರ ಜೊತೆ ಮಾತಾಡಿದವನು ನಾನು, ಅದಕ್ಕಿಂತ ಇದು ವಾಸಿ ಎಂದು ಒಪ್ಪುತ್ತೇನೆ. ಕಾನೂನೂ ಹಾಗೆಯೇ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ತಿದ್ದಿ, ಗಾಡಿ ಓಡಿಸುತ್ತಾ ಫೋನನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆ ಎಂದು ಸೇರಿಸಿದರು. ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿವರೆಗೆ ದಂಡ, ಜೈಲು ಶಿಕ್ಷೆಗೂ ಅವಕಾಶ ಉಂಟು. 2020ರ ಅಕ್ಟೋಬರ್ 1ರಿಂದ, ಗಮನ ತಪ್ಪದ ಹಾಗೆ ದಾರಿ ನೋಡಲು ಮಾತ್ರ ಫೋನ್ ಬಳಸಬಹುದು ಎಂಬ ನಿಯಮ ಬಂತು. ಕಾನೂನು ನೋಡುವುದು ಕೈಯನ್ನು. ತಲೆ ಎಲ್ಲಿದೆ ಎಂದು ಪೊಲೀಸರು ನೋಡಲು ಆಗುವುದಿಲ್ಲ.

ಅಮೆರಿಕದ ಎಎಎ ಫೌಂಡೇಶನ್ ಎಂಬ ಸಂಸ್ಥೆಗಾಗಿ ಯೂಟಾ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದರು. ಕಾರಿಗೆ ಬಾಯಿಮಾತಿನಲ್ಲಿ ಆಜ್ಞೆ ಕೊಟ್ಟು ಫೋನ್ ಮಾಡುವುದು, ಪದ್ಯ ಬದಲಾಯಿಸುವುದು, ಇಂಥದ್ದು ಮಾಡಿ ಮುಗಿಸಿದ ಮೇಲೂ ಕೆಲವು ಸೆಟ್ಟುಗಳಲ್ಲಿ 27 ಸೆಕೆಂಡಿನವರೆಗೆ ಚಾಲಕನ ಗಮನ ಪೂರ್ತಿ ರಸ್ತೆಗೆ ಮರಳುವುದಿಲ್ಲ ಎಂದು ಅದರಲ್ಲಿ ಕಂಡಿತು. 40ರ ಸ್ಪೀಡಿನಲ್ಲಿ 27 ಸೆಕೆಂಡ್ ಎಂದರೆ 300 ಮೀಟರ್. ಹೆಬ್ರಿ ಕಡೆಯ ನಮ್ಮ ರಸ್ತೆಯಲ್ಲಿ 300 ಮೀಟರಿನಲ್ಲಿ ಎಷ್ಟು ತಿರುವು, ಎಷ್ಟು ದನ, ಶಾಲೆ ಬಿಟ್ಟ ಹೊತ್ತಿಗೆ ಎಷ್ಟು ಮಕ್ಕಳು ಎಂದು ನೀವೇ ಲೆಕ್ಕ ಹಾಕಿ. ಡೆಸ್ಕಿನಿಂದ "ಫೋಟೋ ಎಲ್ಲಿ?" ಎಂದು ಕರೆ ಬಂದಾಗ ನನ್ನ ತಲೆ ರಸ್ತೆಯಲ್ಲಿ ಇರುವುದಿಲ್ಲ, ಕೈ ಸ್ಟೀರಿಂಗಿನಲ್ಲೇ ಇದ್ದರೂ. ಈಗ ಬದಿಗೆ ಹಾಕಿ, ನಿಲ್ಲಿಸಿ, ವಾಪಸ್ ಮಾಡುತ್ತೇನೆ. ಬೈಗುಳ ಸ್ವಲ್ಪ ಜಾಸ್ತಿ ಆಗಿದೆ.

ಇನ್ನೊಂದು ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಉಂಟು. "ನಾವೆಂತ ಕದ್ದಿದ್ದೇವಾ? ಮುಚ್ಚಿಡ್ಲಿಕ್ಕೆ ನಮ್ಮಲ್ಲಿ ಎಂತ ಉಂಟು?" ನಾನೂ ಇದನ್ನೇ ಹೇಳುತ್ತಿದ್ದೆ. ಈಗ ನನ್ನ ಉತ್ತರ ಬೇರೆ. ನನ್ನ ಫೋನ್ ನನ್ನದು, ದುಡ್ಡು ಕೊಟ್ಟಿದ್ದೇನೆ. ಅದರೊಳಗಿನ ನಂಬರುಗಳು ನನ್ನವಲ್ಲ. ಒಬ್ಬೊಬ್ಬರೂ ನನ್ನನ್ನು ನಂಬಿ ಕೊಟ್ಟದ್ದು. ಗಂಡನ ಹೊಡೆತ ತಾಳದೆ ರಾತ್ರಿ ಕರೆ ಮಾಡಿದ ಹೆಂಗಸು, ಸಾಲದವರಿಂದ ತಪ್ಪಿಸಿಕೊಂಡು ಸಿಮ್ ಬದಲಾಯಿಸಿದವರು, ಹೊಸ ನಂಬರನ್ನು ನನಗೆ ಮತ್ತು ಇನ್ನು ಇಬ್ಬರಿಗೆ ಮಾತ್ರ ಕೊಟ್ಟವರು, ಎಲ್ಲರೂ ಅದರಲ್ಲಿದ್ದಾರೆ. ನಿಮ್ಮ ಫೋನಿನಲ್ಲೂ ಇಂಥ ಒಬ್ಬರಾದರೂ ಇರುತ್ತಾರೆ. ಕಾರಿನ ಸ್ಕ್ರೀನಿನಲ್ಲಿ ಸರಿ ಎಂದು ಒತ್ತುವಾಗ ನಾವು ನಮ್ಮ ಪರವಾಗಿ ಮಾತ್ರ ಅಲ್ಲ, ಅವರೆಲ್ಲರ ಪರವಾಗಿ ಒತ್ತುತ್ತೇವೆ. ಅವರನ್ನು ಯಾರೂ ಕೇಳಿಲ್ಲ.

ಖಾಸಗಿತನ ಎಂಬುದು ಪೇಟೆಯವರ ಶೋಕಿ ಎಂದು ತಿಳಿಯಬೇಡಿ. ಅದು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟ ಕೇಸು ಹಾಕಿದ್ದು ನಮ್ಮ ರಾಜ್ಯದವರು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರು ಹೋರಾಡಿದ್ದು ಆಧಾರ್ ವಿಷಯದಲ್ಲಿ, ಸರ್ಕಾರದ ಎದುರು. 2023ರಲ್ಲಿ ಡಿಜಿಟಲ್ ಮಾಹಿತಿ ರಕ್ಷಣೆಗೆ ಕೇಂದ್ರದ ಕಾಯ್ದೆಯೂ ಬಂತು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತದ, ಮನೆಯ ಕೆಲಸಕ್ಕೆ ಬಳಸುವ ಮಾಹಿತಿಗೆ ಆ ಕಾಯ್ದೆ ಅನ್ವಯ ಆಗುವುದಿಲ್ಲ. ಅಂದರೆ ಮಾರಿದ ಕಾರಿನಲ್ಲಿ ನಾನು ಬಿಟ್ಟು ಬಂದ ಫೋನ್‌ಬುಕ್ಕಿಗೆ ನಾನೇ ಕಾವಲು. ಮೋಸಿಲ್ಲಾ ಫೌಂಡೇಶನ್ 2023ರಲ್ಲಿ 25 ಕಾರು ಬ್ರ್ಯಾಂಡುಗಳನ್ನು ಪರೀಕ್ಷೆ ಮಾಡಿ, ಖಾಸಗಿತನದಲ್ಲಿ ಒಂದೂ ಪಾಸಾಗಲಿಲ್ಲ ಎಂದು ಹೇಳಿತು. ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಬಾಡಿಗೆ ಕಾರಿಗೆ ಫೋನ್ ಜೋಡಿಸುವವರಿಗೆ 2016ರಲ್ಲಿಯೇ ಎಚ್ಚರಿಕೆ ಕೊಟ್ಟಿತ್ತು: ಕಾರು ವಾಪಸ್ ಕೊಡುವ ಮೊದಲು ನಿಮ್ಮ ಮಾಹಿತಿ ಅಳಿಸಿ ಎಂದು. ಉಡುಪಿ, ಮಣಿಪಾಲದಲ್ಲಿ ಸೆಲ್ಫ್ ಡ್ರೈವ್ ಬಾಡಿಗೆ ಕಾರು ಎಷ್ಟು ಓಡುತ್ತವೆ ಎಂದು ನಿಮಗೆ ಗೊತ್ತು. ಊರಿಗೆ ಬಂದ ಮುಂಬೈಯ ನೆಂಟರು ಒಂದು ವಾರಕ್ಕೆ ತೆಗೆದುಕೊಳ್ಳುತ್ತಾರೆ, ಕಾಪು ಬೀಚಿಗೆ ಹೋಗಲು ಕಾಲೇಜು ಹುಡುಗರು ಒಂದು ದಿನಕ್ಕೆ ತೆಗೆದುಕೊಳ್ಳುತ್ತಾರೆ. ಪೆಟ್ರೋಲ್ ಎಷ್ಟು ಉಳಿದಿದೆ ಎಂದು ನೋಡಿ ಕೊಡುವವರಿದ್ದಾರೆ. ಫೋನಿನ ಹೆಸರು ಅಳಿಸಿ ಕೊಡುವವರನ್ನು ನಾನು ನೋಡಿಲ್ಲ.

ಕಂಪನಿಗಳ ಮೇಲೆ ನನ್ನದೊಂದು ತಕರಾರು ಉಂಟು. ನನ್ನ ಫೋನ್ ಕನ್ನಡದಲ್ಲಿದೆ. ಕಾರಿನ ಸ್ಕ್ರೀನಿನಲ್ಲಿ ಕನ್ನಡ ಇಲ್ಲ. ಕಾರು ಮಾರುವ ಜಾಹೀರಾತು ಕನ್ನಡದಲ್ಲಿ, ಸಾಲದ ಕಂತು ತಪ್ಪಿದರೆ ಬರುವ ಕರೆಯೂ ಕನ್ನಡದಲ್ಲಿ, ಆದರೆ ನನ್ನ ಎಂಟುನೂರು ಮಂದಿಯ ನಂಬರನ್ನು ಹೇಗೆ ಅಳಿಸುವುದು ಎಂಬ ವಿಷಯ ಮಾತ್ರ ದಪ್ಪ ಇಂಗ್ಲಿಷ್ ಪುಸ್ತಕದ ಯಾವುದೋ ಪುಟದಲ್ಲಿ. ಆ ಪುಸ್ತಕ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಕೂಡ ತೆಗೆಯದೆ ಇರುತ್ತದೆ. ಶೋರೂಮಿನವರು ಸ್ಟೆಪ್ನಿ ಬದಲಾಯಿಸುವುದನ್ನು ತೋರಿಸುತ್ತಾರಲ್ಲ, ಹಾಗೆಯೇ ಇದನ್ನೂ ಎರಡು ನಿಮಿಷ ಕನ್ನಡದಲ್ಲೋ ತುಳುವಿನಲ್ಲೋ ತೋರಿಸಬೇಕು, ಆ ಪ್ರಶ್ನೆಗೆ ಬೆರಳು ಒತ್ತುವುದು ಕಾರಿನವರೇ ಆಗಿರಬೇಕು. ಸೆಕೆಂಡ್ ಹ್ಯಾಂಡ್ ಕಾರು ಮಾರುವ ಅಂಗಡಿಯವರು ಕಾರು ತೊಳೆದು ಪಾಲಿಶ್ ಮಾಡಿ ನಿಲ್ಲಿಸುತ್ತಾರೆ. ಆ ಹೊತ್ತಿನಲ್ಲೇ ಸೆಟ್ಟನ್ನೂ ಒಮ್ಮೆ ಫ್ಯಾಕ್ಟರಿ ರೀಸೆಟ್ ಮಾಡಿದರೆ ಅವರಿಗೆ ಎಷ್ಟು ಖರ್ಚಾಗುತ್ತದೆ? ಒಂದು ರೂಪಾಯಿಯೂ ಇಲ್ಲ.

ಅವರು ಮಾಡುವವರೆಗೆ ನಾವೇ ಮಾಡಿಕೊಳ್ಳುವುದು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸಿನಲ್ಲಿ ಬ್ಲೂಟೂತ್ ತೆಗೆದು, ಕಾರಿನ ಹೆಸರಿನ ಪಕ್ಕದಲ್ಲಿ ಇರುವ ಚಕ್ರದ ಗುರುತು ಒತ್ತಿ. ಕರೆ, ಪದ್ಯ, ಸಂಪರ್ಕ ಎಂದು ಬೇರೆ ಬೇರೆ ಸ್ವಿಚ್ ಕಾಣುತ್ತದೆ. ಸಂಪರ್ಕದ್ದನ್ನು ಆಫ್ ಮಾಡಿ. ಐಫೋನಿನಲ್ಲಿ ಕಾರಿನ ಹೆಸರಿನ ಪಕ್ಕದ "ಐ" ಗುರುತಿನೊಳಗೆ ಅದೇ ಸ್ವಿಚ್ ಉಂಟು. ಈಗಾಗಲೇ ಹೋದ ಹೆಸರುಗಳು ಕಾರಿನಲ್ಲಿ ಉಳಿದಿರಬಹುದು, ಅದಕ್ಕೆ ಕಾರಿನ ಸ್ಕ್ರೀನಿನಲ್ಲಿಯೂ ಫೋನಿನ ಹೆಸರನ್ನು ಡಿಲೀಟ್ ಮಾಡಿ ಹೊಸದಾಗಿ ಜೋಡಿಸಬೇಕು. ಕಾರಿನಲ್ಲಿ ಬೇರೆಯವರು ಇರುವಾಗ ಕರೆ ಎತ್ತಲೇಬೇಕಾದರೆ ಮೊದಲ ಮಾತು "ಸ್ಪೀಕರಿನಲ್ಲಿ ಉಂಟು, ಕಾರಲ್ಲಿ ಜನ ಇದ್ದಾರೆ" ಎಂದಿರಲಿ. ಮೊದಮೊದಲು ಹೀಗೆ ಹೇಳಲು ನಾಚಿಕೆ ಆಗುತ್ತದೆ, ಪಕ್ಕದವರಿಗೂ ಒಂಥರಾ ಆಗುತ್ತದೆ. ಒಂದು ವಾರದಲ್ಲಿ ಅಭ್ಯಾಸ ಆಯಿತು.

ಇದನ್ನು ಬರೆಯುವ ಮೊದಲು ನನ್ನ ಕಾರಿನ ಸೆಟ್ಟಿನಲ್ಲಿ ಜೋಡಿಸಿದ ಫೋನುಗಳ ಪಟ್ಟಿ ಇನ್ನೊಮ್ಮೆ ತೆರೆದು ನೋಡಿದೆ. ನಾನು ತೆಗೆದುಕೊಂಡ ಮೇಲೆ ಸೇರಿದ್ದು ಏಳು ಫೋನು. ನನ್ನದು, ಹೆಂಡತಿಯದ್ದು, ತಮ್ಮನದ್ದು, ಗ್ಯಾರೇಜಿನ ಹುಡುಗನದ್ದು, ಚುನಾವಣೆ ವರದಿಗೆ ಒಟ್ಟಿಗೆ ಬಂದಿದ್ದ ಗೆಳೆಯನದ್ದು. ಇನ್ನೆರಡು ಯಾರದೆಂದು ಎಷ್ಟು ಯೋಚಿಸಿದರೂ ಗೊತ್ತಾಗಲಿಲ್ಲ.